ಪಿತ್ತನಾಳದ ಕ್ಯಾನ್ಸರಿಗೆ ಪಿಡಿ-ಎಲ್1 ಪರೀಕ್ಷೆ: ಪ್ರಯೋಗಾಲಯವೊಂದರ ಸೇವೆಯ ವಿಮರ್ಶೆ

ನಮ್ಮ ಸೋದರಮಾವನವರ ಪಿತ್ತನಾಳದ ಗಡ್ಡೆ ಕ್ಯಾನ್ಸರೆಂದು ಬಯಾಪ್ಸಿಯಲ್ಲಿ ಖಚಿತವಾದ ಮೇಲೆ, ಆ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕನ್ನು ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದಕ್ಕೆ ಕಳುಹಿಸಿ, ಒಂದೇ ಪ್ಯಾಕೇಜಿನಲ್ಲಿ ಪಿಡಿ-ಎಲ್1 ಮತ್ತು ಎಂಎಂಆರ್ (ಡಿಎನ್‌ಎ ನಕಲಿನ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳ) ಪರೀಕ್ಷೆಗಳನ್ನು ಮಾಡಿಸಿದೆವು. ಪರೀಕ್ಷೆಯ ಗುಣಮಟ್ಟದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ವರದಿಯನ್ನು ಜೋಡಿಸಿರುವ ಕ್ರಮದ ಬಗ್ಗೆ ಮಾತ್ರ ಗಂಭೀರವಾದ ಆಕ್ಷೇಪವಿದೆ.

ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನಿನ ಮೂಲಕ ದೇಹದ ರೋಗನಿರೋಧಕ ಟಿ ಕೋಶಗಳ ದಾಳಿಯನ್ನು ತಡೆಯುತ್ತವೆ. ಆ ತಡೆಯನ್ನು ಬಿಡಿಸುವುದೇ ಡುರ್ವಾಲುಮಾಬ್, ಪೆಂಬ್ರೊಲಿಝುಮಾಬ್ ಔಷಧಿಗಳ ಕೆಲಸ. ಬಳಸಿದ ಆ್ಯಂಟಿಬಾಡಿ 22ಸಿ3 ಎಂಬುದನ್ನೂ, ಮಾದರಿಯಲ್ಲಿ ಎಣಿಕೆಗೆ ಬೇಕಾದ ಕನಿಷ್ಠ 100 ಜೀವಂತ ಕ್ಯಾನ್ಸರ್ ಕೋಶಗಳಿದ್ದವು ಎಂಬುದನ್ನೂ ವರದಿ ಸ್ಪಷ್ಟವಾಗಿ ದಾಖಲಿಸಿದೆ. ಪಿತ್ತನಾಳದಿಂದ ಬ್ರಷ್ ಮಾಡಿ ತೆಗೆದ ಮಾದರಿಗಳಲ್ಲಿ ಕೋಶಗಳು ಬಹಳ ಕಡಿಮೆ ಸಿಗುವುದರಿಂದ ಈ ಒಂದು ಸಾಲು ಎಷ್ಟು ಮುಖ್ಯವೆಂಬುದು ಪೆಥಾಲಜಿಸ್ಟರಿಗೆ ಗೊತ್ತು.

ಆದರೆ ಮೊದಲ ಪುಟದ ಮೇಲ್ಭಾಗದಲ್ಲಿ, ಕೆಂಪು ಚೌಕದೊಳಗೆ, ದಪ್ಪಕ್ಷರದಲ್ಲಿ ಇದ್ದದ್ದು, ಕ್ಯಾನ್ಸರ್ ಮತ್ತು ರೋಗನಿರೋಧಕ ಕೋಶಗಳಲ್ಲಿ ಪಿಡಿ-ಎಲ್1 ಎಷ್ಟಿದೆಯೆಂದು ತೋರಿಸುವ ಸಿಪಿಎಸ್ ಅಂಕ ‘1ಕ್ಕಿಂತ ಕಡಿಮೆ’ ಎಂಬುದು. ಅದನ್ನು ಕಂಡು, ಔಷಧಿ ಇನ್ನು ಫಲಿಸುವುದಿಲ್ಲವೆಂದು ಅತ್ತೆಯವರು ಕೈಚೆಲ್ಲಿ ಕುಳಿತರು. ವಾಸ್ತವದಲ್ಲಿ, ಮುಂದುವರಿದ ಪಿತ್ತನಾಳದ ಕ್ಯಾನ್ಸರಿಗೆ 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡುರ್ವಾಲುಮಾಬನ್ನು ಜೆಮ್‌ಸಿಟಾಬಿನ್-ಸಿಸ್‌ಪ್ಲಾಟಿನ್ ಕಿಮೋಥೆರಪಿಯ ಜೊತೆಗೆ ಒಪ್ಪಿದಾಗ ಪಿಡಿ-ಎಲ್1 ಅಂಕದ ಷರತ್ತನ್ನೇ ಇಟ್ಟಿರಲಿಲ್ಲ. ಅದಕ್ಕೆ ಆಧಾರವಾದ, 685 ರೋಗಿಗಳಿದ್ದ ಟೊಪಾಜ್-1 ಅಧ್ಯಯನದಲ್ಲಿ ಮಧ್ಯಮಾಂಕ ಬದುಕುಳಿಯುವಿಕೆ 11.5 ತಿಂಗಳಿನಿಂದ 12.8 ತಿಂಗಳಿಗೆ ಏರಿತು. ಈ ಏರಿಕೆ ಚಿಕ್ಕದೇ. ಎರಡು ವರ್ಷ ದಾಟಿದವರ ಪ್ರಮಾಣ ಸುಮಾರು ಶೇ. 10ರಿಂದ ಶೇ. 25ಕ್ಕೆ ಹೋದದ್ದು ಚಿಕ್ಕದಲ್ಲ. ಅಂಕ ಕಡಿಮೆಯೆಂಬ ಕಾರಣಕ್ಕೆ ಈ ಔಷಧಿಯನ್ನು ಕೈಬಿಡಬೇಕಾಗಿಲ್ಲ ಎಂಬ ಒಂದು ವಾಕ್ಯವನ್ನು ಚೌಕದ ಕೆಳಗೆ ಸೇರಿಸಲು ಪ್ರಯೋಗಾಲಯಕ್ಕೆ ಏನು ಕಷ್ಟವಿತ್ತು?

ನಿಜಕ್ಕೂ ಮೇಲೆ ಬರಬೇಕಾಗಿದ್ದುದು ಕೊನೆಯ ಪುಟದ ಎಂಎಂಆರ್ ಭಾಗ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಪ್ರೋಟೀನುಗಳಲ್ಲಿ ಯಾವುದಾದರೂ ಕಾಣೆಯಾಗಿದ್ದರೆ, ಗಡ್ಡೆ ಯಾವ ಅಂಗದ್ದೇ ಆಗಿರಲಿ, ಪೆಂಬ್ರೊಲಿಝುಮಾಬ್ ಕೊಡಲು ದಾರಿಯಿದೆ. ಎಫ್‌ಡಿಎ ಅದಕ್ಕೆ 2017ರಲ್ಲೇ ಅನುಮತಿ ನೀಡಿದೆ. ಮಾವನವರಲ್ಲಿ ನಾಲ್ಕೂ ಉಳಿದಿವೆ, ಹಾಗಾಗಿ ಆ ದಾರಿ ಅವರಿಗಿಲ್ಲ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ಇದೇ ಪ್ಯಾಕೇಜನ್ನು ಮಾರುತ್ತಿರುವುದು ನನಗೆ ಸರಿಕಾಣಲಿಲ್ಲ. ಆ ಗಡ್ಡೆಯನ್ನು ಸುತ್ತುವರಿದ ದಟ್ಟವಾದ ನಾರಿನ ಅಂಗಾಂಶ ಮತ್ತು ಟಿ ಕೋಶಗಳ ಕೊರತೆಯಿಂದಾಗಿ ಈ ಔಷಧಿಗಳು ಅಲ್ಲಿ ಬಹುಪಾಲು ಸೋತಿವೆ, ಪಿಡಿ-ಎಲ್1 ಅಂಕ ಚಿಕಿತ್ಸೆಯನ್ನು ನಿರ್ಧರಿಸುವುದಿಲ್ಲ. ನೂರರಲ್ಲಿ ಸುಮಾರು ಒಬ್ಬರಲ್ಲಿ ಮಾತ್ರ ಎಂಎಂಆರ್ ದೋಷ ಕಂಡರೂ ಆ ಪರೀಕ್ಷೆಯನ್ನು ಬಿಡಬಾರದು. ಪಿಡಿ-ಎಲ್1ಗೆ ಹಣ ಕಟ್ಟುವ ಮುನ್ನ ಮಾತ್ರ ನಿಮ್ಮ ಆಂಕಾಲಜಿಸ್ಟರನ್ನು ಕೇಳಿ.

ಬ್ಲಾಕನ್ನು ಹೆಸರಿನ ಚೀಟಿಸಹಿತ ಜೋಪಾನವಾಗಿ ಹಿಂದಿರುಗಿಸಿದ್ದಕ್ಕೆ ಈ ಪ್ರಯೋಗಾಲಯಕ್ಕೆ ಕೃತಜ್ಞತೆ ಸಲ್ಲಬೇಕು. ಎಫ್‌ಜಿಎಫ್‌ಆರ್2 ಮತ್ತು ಐಡಿಎಚ್1 ಎಂಬ ಜೀನುಗಳ ಬದಲಾವಣೆಯನ್ನು ಹುಡುಕುವ ಪರೀಕ್ಷೆಗಳಿಗೆ ಉಳಿದ ಅಂಗಾಂಶವೇ ಬೇಕಾಗುವುದರಿಂದ, ಅದನ್ನು ಕೇಳಿ ಪಡೆದುಕೊಳ್ಳಿ.