ನಡುಕ ತಡೆಯುವುದು ಬಾಡಿಯೋ, ಲೆನ್ಸೋ? ಕೆ-70, ಡಿ5600, ಆಲ್ಫಾ 700

ಡಿಎಸ್‌ಎಲ್‌ಆರ್ ಕೊಳ್ಳುವವರು ಮೆಗಾಪಿಕ್ಸೆಲ್ ನೋಡುವ ಮೊದಲು ಒಂದು ವಿಷಯ ಕೇಳಬೇಕು: ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಎಲ್ಲಿದೆ? ಪೆಂಟಾಕ್ಸ್ ಕೆ-70 ಮತ್ತು ನಿಕಾನ್ ಡಿ5600 ಎರಡನ್ನೂ ನಾನು ಬಳಸಿದ್ದೇನೆ. ಎರಡೂ 2016ರವು, 24 ಮೆಗಾಪಿಕ್ಸೆಲ್, ಒಂದೇ ವರ್ಗದ (ಎಪಿಎಸ್-ಸಿ ಅಳತೆಯ) ಸೆನ್ಸರ್. ಹಾಗಾಗಿ ಹೋಲಿಸುವುದು ಸುಲಭ. ಪೆಂಟಾಕ್ಸ್‌ನಲ್ಲಿ ಸೆನ್ಸರೇ ಆಚೀಚೆ ಸರಿದು ನಡುಕವನ್ನು ಸರಿದೂಗಿಸುತ್ತದೆ. ನಿಕಾನ್‌ನಲ್ಲಿ ಆ ಕೆಲಸ ಲೆನ್ಸ್‌ನೊಳಗಿನ ಗಾಜಿನದು, ಅದೂ ಲೆನ್ಸ್ ಮೇಲೆ ವಿಆರ್ (ವೈಬ್ರೇಶನ್ ರಿಡಕ್ಷನ್, ನಡುಕ ತಡೆ) ಅಂತ ಬರೆದಿದ್ದರೆ ಮಾತ್ರ.

ಈ ಎರಡು ದಾರಿಗೆ ಕಾರಣ ಫಿಲಂ ಕಾಲ. ಕ್ಯಾನನ್ 1995ರಲ್ಲಿ ನಡುಕ ತಡೆಯುವ 75-300 ಐಎಸ್ ಲೆನ್ಸ್ ತಂದಾಗ ಕ್ಯಾಮೆರಾದೊಳಗೆ ಇದ್ದದ್ದು ಫಿಲಂ ರೋಲ್. ಅದನ್ನು ಅಲುಗಾಡಿಸುವುದು ಆಗದ ಮಾತು, ಲೆನ್ಸ್ ಒಂದೇ ಗತಿ. ಸೆನ್ಸರ್ ಬಂದ ಮೇಲೆ, 2004ರಲ್ಲಿ, ಕೋನಿಕಾ ಮಿನೋಲ್ಟಾ ತನ್ನ 7ಡಿ ಬಾಡಿಯೊಳಗೇ ಇದನ್ನು ಕೂರಿಸಿತು. 2006ರಲ್ಲಿ ಆ ವ್ಯವಹಾರ ಸೋನಿ ಕೈಸೇರಿತು. ಪೆಂಟಾಕ್ಸ್ ಕೂಡ ಅದೇ ವರ್ಷ ಬಾಡಿಯೊಳಗೇ ಸ್ಟೆಬಿಲೈಸೇಶನ್ ಇರುವ ಕೆ100ಡಿ ತಂದಿತು. ಕ್ಯಾನನ್, ನಿಕಾನ್ ಮಾತ್ರ ತಮ್ಮ ಡಿಎಸ್‌ಎಲ್‌ಆರ್ ಬಾಡಿಗಳಲ್ಲಿ ಕೊನೆಯವರೆಗೂ ಇದನ್ನು ಕೊಡಲಿಲ್ಲ.

ನಿಜವಾದ ವ್ಯತ್ಯಾಸ ತಿಳಿಯುವುದು ಬೇಲೂರಿನ ಚೆನ್ನಕೇಶವ ದೇವಸ್ಥಾನದೊಳಗೆ. ಒಳಗಿನ ಮಂಟಪವಾದ ನವರಂಗದಲ್ಲಿ ಹಗಲಲ್ಲೂ ಕತ್ತಲು. ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಟ್ರೈಪಾಡ್ ಹಾಕುವಂತಿಲ್ಲ. ಎರಡರಲ್ಲೂ 50 ಎಂಎಂ ಎಫ್/1.8 ಲೆನ್ಸ್ ಹಾಕಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು) ನರಸಿಂಹ ಕಂಬದ ಕೆತ್ತನೆ ತೆಗೆದೆ. ನಿಕಾನ್‌ನ ಆ ಪುಟ್ಟ ಲೆನ್ಸ್‌ನಲ್ಲಿ ವಿಆರ್ ಇಲ್ಲ, ಆದ್ದರಿಂದ 1/80 ಸೆಕೆಂಡಿಗಿಂತ ಕೆಳಗೆ ಇಳಿಯಲು ಧೈರ್ಯ ಬರುವುದಿಲ್ಲ. ಕೆ-70ಯಲ್ಲಿ ಉಸಿರು ಹಿಡಿದು 1/10ಕ್ಕೆ ಇಳಿದರೂ ಬಹುಪಾಲು ಚಿತ್ರ ಚೂಪಾಗಿ ಬಂದವು. ಅಂದರೆ ಮೂರು ಸ್ಟಾಪ್, ಒಂದೊಂದು ಸ್ಟಾಪ್‌ಗೂ ಬೆಳಕು ದುಪ್ಪಟ್ಟು. ನಿಕಾನ್‌ನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ, ಏರಿಸಿದಷ್ಟೂ ಚಿತ್ರ ಕಾಳುಕಾಳು) 3200 ಬೇಕಾದರೆ ಕೆ-70ಯಲ್ಲಿ 400 ಸಾಕು. ಕಲ್ಲಿನ ಆಭರಣದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಂಡದ್ದು ಇದರಿಂದಲೇ.

ನಿಕಾನ್ ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್‌ನಲ್ಲಿ ವಿಆರ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ 55 ಎಂಎಂನಲ್ಲಿ ಅದು ತೆರೆಯುವುದು ಎಫ್/5.6ವರೆಗೆ ಮಾತ್ರ. ಎಫ್/1.8ಕ್ಕೆ ಹೋಲಿಸಿದರೆ ಮೂರು ಸ್ಟಾಪ್‌ಗೂ ಜಾಸ್ತಿ ಬೆಳಕು ಹೋಯಿತು. ವಿಆರ್ ಗಳಿಸಿದ್ದೆಲ್ಲ ಅಲ್ಲಿಗೇ ಸರಿಹೋಯಿತು, ಅಲ್ವಾ?

ಕೆ-70ಯ ಇನ್ನೊಂದು ಸುಖ ಹಳೆಯ ಮ್ಯಾನ್ಯುಯಲ್ ಲೆನ್ಸ್‌ಗಳು. 1970ರ ದಶಕದ, ಪೆಂಟಾಕ್ಸ್‌ನ ಕೆ-ಮೌಂಟ್ ಜೋಡಣೆಯ ಲೆನ್ಸ್‌ಗೂ ಸ್ಟೆಬಿಲೈಸೇಶನ್ ಸಿಗುತ್ತದೆ. ಕ್ಯಾಮೆರಾ ಆನ್ ಮಾಡಿದಾಗ ಫೋಕಲ್ ಲೆಂತ್ (ಲೆನ್ಸ್ ಮೇಲೆ ಎಂಎಂನಲ್ಲಿ ಬರೆದಿರುವ ಸಂಖ್ಯೆ) ಕೇಳುತ್ತದೆ, ಸರಿಯಾದ ಸಂಖ್ಯೆ ಕೊಡಬೇಕು. 135 ಎಂಎಂ ಲೆನ್ಸ್ ಹಾಕಿ 50 ಅಂದರೆ ಸೆನ್ಸರ್ ಎಷ್ಟು ಸರಿಯಬೇಕೋ ಅಷ್ಟು ಸರಿಯುವುದಿಲ್ಲ.

ರಂಗನತಿಟ್ಟಿನ ದೋಣಿಯಲ್ಲಿ ಮಾತ್ರ ಲೆಕ್ಕ ಉಲ್ಟಾ. 300 ಎಂಎಂನಲ್ಲಿ ಕೆ-70ಯ ವ್ಯೂಫೈಂಡರ್ ನಡುಗುತ್ತಲೇ ಇರುತ್ತದೆ. ಸೆನ್ಸರ್ ಸರಿಯುವುದು ಕನ್ನಡಿಯ ಹಿಂದೆ, ನಾವು ನೋಡುವುದು ಕನ್ನಡಿಯಿಂದ ಬಂದ ಬೆಳಕು. ಕೊಕ್ಕರೆಯ ಕಣ್ಣಿನ ಮೇಲೆ ಫೋಕಸ್ ಪಾಯಿಂಟ್ ನಿಲ್ಲಿಸುವುದೇ ಕಷ್ಟ. ನಿಕಾನ್‌ನ 70-300 ವಿಆರ್‌ನಲ್ಲಿ ಶಟರ್ ಅರ್ಧ ಒತ್ತಿದ ಕೂಡಲೇ ಹಕ್ಕಿ ತಟಸ್ಥವಾಗುತ್ತದೆ, ಆಟೋಫೋಕಸ್‌ಗೂ ಸ್ಥಿರವಾದ ಚಿತ್ರವೇ ಸಿಗುತ್ತದೆ. ಹಾರುವ ಹಕ್ಕಿಗೆ ಹೇಗೂ 1/1000 ಬೇಕು, ಅಲ್ಲಿ ಲಾಭ ಇರುವುದು ನೋಟದ ಸ್ಥಿರತೆಯಲ್ಲಿ. ತೂಕದಲ್ಲೂ ಡಿ5600 ಗೆದ್ದಿತು. ಬ್ಯಾಟರಿ ಸಮೇತ 465 ಗ್ರಾಂ, ಕೆ-70 ಸುಮಾರು 690. ಆದರೆ ಮಲೆನಾಡಿನ ಜಿಟಿಜಿಟಿ ಮಳೆಗೆ ಸೀಲ್ ಇರುವುದು ಕೆ-70ಗೆ ಮಾತ್ರ.

ಸ್ನೇಹಿತರೊಬ್ಬರ ಸೋನಿ ಆಲ್ಫಾ 700 ಕೂಡ ನನಗೆ ತುಂಬ ಹಿಡಿಸಿತು. 2007ರ 12 ಮೆಗಾಪಿಕ್ಸೆಲ್ ಕ್ಯಾಮೆರಾ. ಹಳೆಯ ಮಿನೋಲ್ಟಾ 50 ಎಂಎಂ ಎಫ್/1.7 ಹಾಕಿದರೆ ಸ್ಟೆಬಿಲೈಸೇಶನ್ ಜೊತೆ ಆಟೋಫೋಕಸ್ ಕೂಡ ಸಿಗುತ್ತದೆ. ನಡುಕ ಎಷ್ಟಿದೆ ಅಂತ ವ್ಯೂಫೈಂಡರ್‌ನಲ್ಲಿ ಗೆರೆಗಳು ತೋರಿಸುತ್ತವೆ. ಅವು ಕಡಿಮೆಯಾಗುವವರೆಗೆ ಕಾದು ಒತ್ತುವುದು ಒಳ್ಳೆಯ ಅಭ್ಯಾಸ. ಐಎಸ್‌ಒ 1600 ದಾಟಿದರೆ ಮಾತ್ರ ಚಿತ್ರ ಕಾಳುಕಾಳಾಗುತ್ತದೆ.

ಯಕ್ಷಗಾನ ತೆಗೆಯುವವರಿಗೆ ಒಂದು ಮಾತು. ಚೌಕಿಯಲ್ಲಿ ಕಲಾವಿದರು ಕನ್ನಡಿ ಮುಂದೆ ಕೂತು ಬಣ್ಣ ಬರೆದುಕೊಳ್ಳುವಾಗ ಕೆ-70ಯ 1/15 ಧಾರಾಳ ಸಾಕು. ರಂಗಸ್ಥಳದಲ್ಲಿ ಗಿರಗಿರನೆ ಸುತ್ತುತ್ತ ಧೀಂಗಿಣ ಹಾಕುವ ವೇಷವನ್ನು ಯಾವ ಸ್ಟೆಬಿಲೈಸೇಶನ್ನೂ ಹಿಡಿದು ನಿಲ್ಲಿಸುವುದಿಲ್ಲ, ಅದು ತಡೆಯುವುದು ನಮ್ಮ ಕೈಯ ನಡುಕವನ್ನಷ್ಟೆ. ಅಲ್ಲಿ 1/500 ಬೇಕು, ದೊಡ್ಡ ಅಪರ್ಚರ್ ಬೇಕು.

ನನ್ನ ಆಸಕ್ತಿ ದೇವಸ್ಥಾನ, ಚೌಕಿ, ಹಳೆಯ ಲೆನ್ಸ್. ಅದಕ್ಕೇ ಕೆ-70 ಇಟ್ಟುಕೊಂಡೆ. ಹಕ್ಕಿಗಳ ಹಿಂದೆ ಹೋಗುವವರಾದರೆ ಡಿ5600 ಜೊತೆ 70-300 ತೆಗೆದುಕೊಳ್ಳಿ, ಆದರೆ ಡಬ್ಬಿಯ ಮೇಲೆ ವಿಆರ್ ಅಂತ ಇದೆಯಾ ನೋಡಿಯೇ ದುಡ್ಡು ಕೊಡಿ. ಅದೇ ಅಳತೆಯಲ್ಲಿ ವಿಆರ್ ಇಲ್ಲದ ಲೆನ್ಸೂ ಮಾರಾಟದಲ್ಲಿತ್ತು.