ನಿವ್ವಳ ತೂಕದ ಒಂದು ಸಾಲು, ಆರು ಮರ್ಜ್ ಟೂಲ್‌ಗಳು

ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ನಾನೂ ನನ್ನ ಅಕ್ಕನ ಮಗನೂ ಸೇರಿ ಲೆಕ್ಕದ ಪ್ರೋಗ್ರಾಂ ಒಂದನ್ನು ಬರೆದುಕೊಟ್ಟಿದ್ದೇವೆ. ರೈತ ತಂದ ಬೆಲ್ಲವನ್ನು ತೂಗಿ, ಹಮಾಲಿ, ಮುಂಗಡ ಕಳೆದು, ಕೈಗೆ ಎಷ್ಟು ಬರುತ್ತದೆಂದು ಕನ್ನಡದಲ್ಲಿ ಪಟ್ಟಿ ಮುದ್ರಿಸುವುದು ಅದರ ಕೆಲಸ. ನಾನು ಮೈಸೂರಿನ ಸರಸ್ವತಿಪುರಂ ಮನೆಯಲ್ಲಿ ಉಬುಂಟು ಇಟ್ಟುಕೊಂಡಿದ್ದೇನೆ. ಅವನು ಮಂಡ್ಯದಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಬಿಟ್ಟು ಅಲ್ಲಾಡುವವನಲ್ಲ. ನಮ್ಮಿಬ್ಬರ ನಡುವೆ ಇರುವುದು 45 ಕಿಲೋಮೀಟರ್ ರಸ್ತೆ ಮತ್ತು ಇಬ್ಬರ ತಿದ್ದುಪಡಿಗಳನ್ನೂ ದಾಖಲಿಸಿ ಒಂದುಗೂಡಿಸುವ ಗಿಟ್ ಎಂಬ ತಂತ್ರಾಂಶ.

ಇಬ್ಬರೂ ಒಂದೇ ಸಾಲನ್ನು ತಿದ್ದಿದ ದಿನ ಗಿಟ್ ಕೈಚೆಲ್ಲುತ್ತದೆ. ಫೈಲಿನೊಳಗೆ ‘<’ ಗುರುತುಗಳ ಏಳರ ಸಾಲು, ‘=’ ಗುರುತುಗಳ ಏಳರ ಸಾಲು, ‘>’ ಗುರುತುಗಳ ಏಳರ ಸಾಲು ನೆಟ್ಟು, ಉಳಿದದ್ದು ನಿಮ್ಮ ಪಾಡು ಎನ್ನುತ್ತದೆ. ವರ್ಷಗಟ್ಟಲೆ ಆ ಗುರುತುಗಳನ್ನು ಕೈಯಿಂದಲೇ ಅಳಿಸುತ್ತಿದ್ದೆ. ಒಂದು ರಾತ್ರಿ ಅಳಿಸಬಾರದ ಸಾಲನ್ನೂ ಅಳಿಸಿ, ಮರುದಿನ ಬೆಳಿಗ್ಗೆ ವ್ಯಾಪಾರಿಯಿಂದ ಬೈಸಿಕೊಂಡ ಮೇಲೆ, ಎರಡು ಕಡೆಯ ತಿದ್ದುಪಡಿಗಳನ್ನು ಕಣ್ಣೆದುರು ಇಟ್ಟು ಒಂದು ಮಾಡಿಸುವ ಹೊರಗಿನ ಮರ್ಜ್ ಟೂಲ್ ಒಂದನ್ನು ಜೋಡಿಸಲೇಬೇಕು ಎಂದು ಕುಳಿತೆ. ಯಾವುದನ್ನು ಎಂಬ ಪ್ರಶ್ನೆಗೆ ಮೂರು ವಾರ ಹಿಡಿಯಿತು.

ಪರೀಕ್ಷೆಗೆ ಬಳಸಿದ್ದು ನಮ್ಮದೇ ಒಂದು ಹಳೆಯ ಜಗಳ. ಮೂಲದಲ್ಲಿ ಇದ್ದ ಸಾಲು, ಸರಳ ಮಾಡಿ ಬರೆದರೆ, ಹೀಗಿತ್ತು: ನಿವ್ವಳ = ಒಟ್ಟು − ಚೀಲ. ಹತ್ತು ಮೂಟೆ ಬಂದರೂ ಒಂದೇ ಖಾಲಿ ಚೀಲದ ತೂಕ ಕಳೆಯುತ್ತಿತ್ತು. ನಾನು ಅದನ್ನು ನಿವ್ವಳ = ಒಟ್ಟು − ಚೀಲ × ಮೂಟೆ ಎಂದು ತಿದ್ದಿದೆ. ಅದೇ ಸಂಜೆ ಅವನು, ತೂಕದ ಯಂತ್ರ ಉದ್ದುದ್ದ ದಶಾಂಶ ಕೊಡುತ್ತದೆ ಎಂದು, ನಿವ್ವಳ = ದುಂಡುಮಾಡು(ಒಟ್ಟು − ಚೀಲ) ಎಂದು ತಿದ್ದಿದ. ಇವೆರಡನ್ನು ಮಾತ್ರ ಅಕ್ಕಪಕ್ಕ ಇಟ್ಟು ನೋಡಿ. ಮೂಟೆಯ ಲೆಕ್ಕವನ್ನು ನಾನು ಸೇರಿಸಿದೆನೋ ಅವನು ತೆಗೆದನೋ ಹೇಳಲಾಗುವುದಿಲ್ಲ. ಮೂಲದ ಸಾಲು ಕಣ್ಣೆದುರು ಇದ್ದರೆ ಮಾತ್ರ ಇಬ್ಬರೂ ಬೇರೆ ಬೇರೆ ಕಡೆ ಕೈಹಾಕಿದ್ದಾರೆ, ಎರಡೂ ಬೇಕು ಎಂಬುದು ತಿಳಿಯುತ್ತದೆ. ಇದೇ ನನ್ನ ಒರೆಗಲ್ಲಾಯಿತು: ಟೂಲ್ ಮೂಲವನ್ನು ತೋರಿಸುತ್ತದೆಯೇ, ಇಲ್ಲವೇ? ಅದೇ ಫೈಲಿನ ಕೆಳಗೆ ಅವನು ಹಮಾಲಿಗೆ ಹೊಸ ಸಾಲೊಂದನ್ನೂ ಸೇರಿಸಿದ್ದ. ಅದಕ್ಕೆ ಯಾರ ತಕರಾರೂ ಇಲ್ಲದ್ದರಿಂದ ಗಿಟ್ ಅದನ್ನು ತಾನೇ ಸೇರಿಸಿಕೊಂಡಿತ್ತು. ಈ ಬಡಪಾಯಿ ಸಾಲನ್ನು ನೆನಪಿಡಿ, ಮುಂದೆ ಬರುತ್ತದೆ.

ಪರೀಕ್ಷಿಸುವುದು ಸುಲಭ. ಸೆಟ್ಟಿಂಗ್ ಏನನ್ನೂ ಮುಟ್ಟದೆ ‘ಗಿಟ್ ಮರ್ಜ್‌ಟೂಲ್’ ಆದೇಶಕ್ಕೆ ‘--ಟೂಲ್’ ಎಂದು ಹೆಸರು ಕೊಟ್ಟರೆ ಆ ಒಂದು ಸಲಕ್ಕೆ ಆ ಟೂಲ್ ತೆರೆಯುತ್ತದೆ. ‘--ಟೂಲ್-ಹೆಲ್ಪ್’ ಎಂದರೆ ನಿಮ್ಮ ಯಂತ್ರದಲ್ಲಿ ಯಾವುವು ಸಿದ್ಧವಾಗಿವೆ ಎಂಬ ಪಟ್ಟಿ ಬರುತ್ತದೆ. ಕೆಟ್ಟರೆ ‘ಗಿಟ್ ಮರ್ಜ್ --ಅಬಾರ್ಟ್’, ಮತ್ತೆ ಮೊದಲಿನಿಂದ. (ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ಗೆ ಕನ್ನಡಾಭಿಮಾನ ಇಲ್ಲ, ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.)

ಮೊದಲು ಮೆಲ್ಡ್. ಮುಕ್ತ ತಂತ್ರಾಂಶ, ಉಬುಂಟುವಿನಲ್ಲಿ ಒಂದೇ ಆದೇಶಕ್ಕೆ ಬಂದು ಕೂರುತ್ತದೆ. ಮೂರು ಕಿಟಕಿಗಳು ಅಕ್ಕಪಕ್ಕ. ಎಡಕ್ಕೆ ನನ್ನದು, ಬಲಕ್ಕೆ ಅವನದು. ಸೇರಿಸಿದ್ದು ಹಸಿರು, ಬದಲಿಸಿದ್ದು ನೀಲಿ, ಜಗಳವಿರುವುದು ಕೆಂಪು. ಬಾಣದ ಗುರುತು ಒತ್ತಿದರೆ ಆ ತುಂಡು ನಡುವಿನ ಕಿಟಕಿಗೆ ಹೋಗುತ್ತದೆ. ಬಹಳ ಅಂದವಾಗಿದೆ. ನನ್ನನ್ನು ಬೀಳಿಸಿದ್ದೂ ಇದೇ.

ನಡುವಿನ ಕಿಟಕಿಯಲ್ಲಿ ಏನಿರಬೇಕು ಎಂಬುದು ಜೋಡಿಸುವ ರೀತಿಯ ಮೇಲೆ ಹೋಗುತ್ತದೆ. ಗಿಟ್ ಟೂಲ್‌ಗೆ ನಾಲ್ಕು ಫೈಲುಗಳನ್ನು ಕೊಡಬಲ್ಲದು: ಲೋಕಲ್ ಎಂದರೆ ನನ್ನದು, ರಿಮೋಟ್ ಎಂದರೆ ಎದುರಿನವರದು, ಬೇಸ್ ಎಂದರೆ ಇಬ್ಬರೂ ಹೊರಟ ಮೂಲ, ಮರ್ಜ್‌ಡ್ ಎಂದರೆ ಕೊನೆಗೆ ಉಳಿಯುವ ಫೈಲು. ಎಲ್ಲಿಂದಲೋ ನಕಲು ಮಾಡಿದ ಆದೇಶದಲ್ಲಿ ನಡುವೆ ಮರ್ಜ್‌ಡ್ ಇಟ್ಟುಕೊಂಡರೆ, ಆ ಏಳು ‘<’ ಗುರುತುಗಳೇ ನಡುವೆ ಕಾಣುತ್ತವೆ, ಮೂಲ ಕಾಣುವುದಿಲ್ಲ. ಗಿಟ್ ತಾನಾಗಿ ಮೆಲ್ಡನ್ನು ಕರೆದರೆ ನಡುವೆ ಬೇಸ್ ಇಟ್ಟು, ಉಳಿಸುವಾಗ ಮರ್ಜ್‌ಡ್ ಫೈಲಿಗೆ ಬರೆಸುತ್ತದೆ. ಮೂಲ ಕಾಣುವುದರಿಂದ ಇದೇ ಸರಿ ಎಂದು ನಾನು ಖುಷಿಯಾಗಿ ಕೆಂಪು ಸಾಲನ್ನು ಬಗೆಹರಿಸಿ, ಉಳಿಸಿ, ಮುಚ್ಚಿದೆ. ಹಮಾಲಿಯ ಸಾಲು ಮಾಯವಾಗಿತ್ತು.

ಕಾರಣ ಗೊತ್ತಾಗಲು ಅರ್ಧ ಗಂಟೆ ಬೇಕಾಯಿತು. ನಡುವೆ ಇದ್ದದ್ದು ಬರೀ ಮೂಲ. ಅಂದರೆ ಗಿಟ್ ತಾನೇ ಸೇರಿಸಿದ್ದ, ಜಗಳವಿಲ್ಲದ ಸಾಲುಗಳನ್ನೂ ನಾನು ಮತ್ತೆ ಒಂದೊಂದಾಗಿ ನಡುವಿಗೆ ತಳ್ಳಬೇಕಿತ್ತು. ಕೆಂಪನ್ನು ಮಾತ್ರ ನೋಡಿ ಕೆಳಗಿನ ಹಸಿರನ್ನು ಬಿಟ್ಟಿದ್ದೆ. ಮದ್ದು ಒಂದೇ ಸಾಲಿನದು: ‘ಮರ್ಜ್‌ಟೂಲ್.ಮೆಲ್ಡ್.ಯೂಸ್‌ಆಟೋಮರ್ಜ್’ ಎಂಬುದನ್ನು ‘ಟ್ರೂ’ ಮಾಡಿದರೆ, ಜಗಳವಿಲ್ಲದ್ದನ್ನು ಮೆಲ್ಡ್ ತಾನೇ ಸೇರಿಸಿಕೊಂಡು ತೆರೆಯುತ್ತದೆ. ಆ ಸಾಲು ಹಾಕಿದ ಮೇಲೆ ಮೆಲ್ಡ್ ಮತ್ತೆ ತಪ್ಪು ಮಾಡಿಸಿಲ್ಲ. ಆದರೂ ಜಗಳ ಉಳಿದಿದ್ದಾಗಲೇ ಉಳಿಸಿ ಎದ್ದು ಹೋಗಬಹುದು, ತಡೆಯುವವರಿಲ್ಲ.

ಕೆಡಿಫ್3 ತಡೆಯುತ್ತದೆ. ನೋಡಲು ಚೆಲುವೆಯೇನಲ್ಲ, ಹಳೆಯ ಸರ್ಕಾರಿ ಕಚೇರಿಯ ನಮೂನೆಯ ಹಾಗೆ ಮೇಲೆ ಎ, ಬಿ, ಸಿ ಎಂದು ಮೂರು ಕಿಟಕಿ, ಕೆಳಗೆ ಉದ್ದಕ್ಕೆ ಫಲಿತಾಂಶದ ಕಿಟಕಿ. ಎ ಎಂದರೆ ಮೂಲ, ಬಿ ನನ್ನದು, ಸಿ ಅವನದು. ಕಂಟ್ರೋಲ್ ಜೊತೆ 1, 2, 3 ಒತ್ತಿದರೆ ಎ, ಬಿ, ಸಿ ಕೆಳಗಿಳಿಯುತ್ತವೆ; ಎರಡನ್ನು ಒತ್ತಿದರೆ ಎರಡೂ ಇಳಿಯುತ್ತವೆ, ಆಮೇಲೆ ಅಲ್ಲೇ ತಿದ್ದಬಹುದು. ನಿವ್ವಳ ತೂಕದ ಸಾಲು ಇಲ್ಲಿ ಹತ್ತು ಸೆಕೆಂಡಿನ ಕೆಲಸವಾಯಿತು. ಬಿ ಮತ್ತು ಸಿ ಎರಡರಲ್ಲೂ ಎ ಯಿಂದ ಬದಲಾದ ಚೂರಿಗಷ್ಟೇ ಬಣ್ಣ ಬಿದ್ದಿತ್ತು: ಬಿ ಯಲ್ಲಿ ‘× ಮೂಟೆ’, ಸಿ ಯಲ್ಲಿ ‘ದುಂಡುಮಾಡು’ ಮತ್ತು ಆವರಣ. ಹಮಾಲಿಯ ಸಾಲು ಆಗಲೇ ತನ್ನ ಜಾಗದಲ್ಲಿ ಕುಳಿತಿತ್ತು. ಒಂದು ಜಗಳ ಬಾಕಿ ಇದ್ದರೂ ಉಳಿಸಲು ಒಪ್ಪುವುದಿಲ್ಲ. ಈ ಮೊಂಡುತನ ನನಗೆ ಇಷ್ಟ.

ಮೊದಲ ಸಲ ಒಂದು ಗಾಬರಿ ಆಗಬಹುದು. ಎಲ್ಲವೂ ತಾನಾಗಿ ಬಗೆಹರಿಯುವಂತಿದ್ದರೆ ಗಿಟ್ ಕರೆದ ಕೆಡಿಫ್3 ಕಿಟಕಿಯನ್ನೇ ತೆರೆಯದೆ ಕೆಲಸ ಮುಗಿಸಿ ಹೊರಡುತ್ತದೆ. ಟೂಲ್ ಕೆಟ್ಟಿದೆ ಎಂದುಕೊಂಡು ನಾನು ಎರಡು ಸಲ ಅದನ್ನು ತೆಗೆದು ಹಾಕಿದ್ದೆ.

ಅಕ್ಕನ ಮಗ ತಾನು ಪ್ರೋಗ್ರಾಂ ಬರೆಯುವ ವಿಎಸ್ ಕೋಡ್ ಎಡಿಟರ್ ಬಿಟ್ಟು ಹೊರಗೆ ಬರುವವನಲ್ಲ. “ಮಾವ, ಇದರಲ್ಲೇ ಮರ್ಜ್ ಎಡಿಟರ್ ಇದೆ, ಇನ್ನೊಂದು ಯಾಕೆ?” ಎಂದ. ಮೂರು ದಿಕ್ಕಿನ ಆ ಎಡಿಟರ್ 2022ರಲ್ಲಿ ಬಂತು. ಮೇಲೆ ಎರಡು ಕಡೆಯವರ ಪಠ್ಯ, ಕೆಳಗೆ ಫಲಿತಾಂಶ, ಪ್ರತಿ ಜಗಳದ ಮೇಲೆ ಬರುವ ‘ಅಕ್ಸೆಪ್ಟ್’ ಎಂಬುದನ್ನು ಒತ್ತಿ ಆರಿಸಬೇಕು. ಮೂಲ ಬೇಕೆಂದರೆ ಮೆನುವಿನಿಂದ ಕರೆಯಬೇಕು. ಅವನು ಕರೆಯುವುದಿಲ್ಲ, ಅದೇ ತೊಂದರೆ. ನಿವ್ವಳದ ಸಾಲಿನಲ್ಲಿ ತನ್ನದನ್ನೇ ಆರಿಸಿ ಹತ್ತು ಮೂಟೆಗೆ ಮತ್ತೆ ಒಂದೇ ಚೀಲ ಕಳೆದ. “ನಿನ್ನ ಸಾಲು ನಿನಗೆ ಸರಿಯಾಗಿಯೇ ಕಾಣುತ್ತದಪ್ಪ, ಮೂಲ ತೆರೆದು ನೋಡು” ಎಂದೆ. ನೋಡಿದ ಮೇಲೆ ಸುಮ್ಮನಾದ.

ಇದನ್ನು ಜೋಡಿಸುವುದರಲ್ಲಿ ಒಂದು ಗುಂಡಿ ಇದೆ, ಅದಕ್ಕೆ ಅವನು ಬಿದ್ದೂ ಇದ್ದಾನೆ. ಆದೇಶದಲ್ಲಿ ‘--ವೇಟ್’ ಇರಲೇಬೇಕು. ಇಲ್ಲದಿದ್ದರೆ ವಿಎಸ್ ಕೋಡ್ ಕಿಟಕಿ ತೆರೆದ ತಕ್ಷಣ ಗಿಟ್‌ಗೆ ಆಯಿತು ಎಂದು ಉತ್ತರ ಕೊಟ್ಟುಬಿಡುತ್ತದೆ. ಅದರ ಮೇಲೆ ‘ಟ್ರಸ್ಟ್‌ಎಕ್ಸಿಟ್‌ಕೋಡ್’ ಅನ್ನೂ ‘ಟ್ರೂ’ ಮಾಡಿದ್ದರೆ ಗಿಟ್ ಆ ಮಾತನ್ನು ನಂಬಿ, ಏಳೇಳು ಗುರುತುಗಳ ಸಮೇತ ಫೈಲನ್ನು ಬಗೆಹರಿದದ್ದರ ಲೆಕ್ಕಕ್ಕೆ ಹಾಕುತ್ತದೆ. ಅವನು ಎರಡನ್ನೂ ಮಾಡಿದ್ದ. ಮರುದಿನ ಪ್ರೋಗ್ರಾಂ ತೆರೆಯಲೇ ಇಲ್ಲ. ತೆರೆಯದಿದ್ದುದೇ ಪುಣ್ಯ, ತೆರೆದು ತಪ್ಪು ಪಟ್ಟಿ ಕೊಟ್ಟಿದ್ದರೆ ರೈತರ ಮುಂದೆ ತಲೆ ಎತ್ತುವಂತಿರಲಿಲ್ಲ.

ಪಿ4ಮರ್ಜ್ ಪರ್ಫೋರ್ಸ್ ಕಂಪನಿಯದು, ಹಣ ಕೇಳುವುದಿಲ್ಲ, ಆದರೆ ಮುಕ್ತವೂ ಅಲ್ಲ. ನಾಲ್ಕು ಕಿಟಕಿ, ಮೂಲ ನಡುವೆ, ಎಲ್ಲ ಒಪ್ಪ. ಕನ್ನಡದ ಫೈಲಿಗೆ ಅಕ್ಷರ ಸಂಕೇತವನ್ನು ಯುಟಿಎಫ್-8 ಎಂದು ಆಯ್ಕೆ ಮಾಡಿಕೊಟ್ಟು ಬಳಸಿದೆ. ದೂರಲು ಏನೂ ಸಿಗಲಿಲ್ಲ, ಕೆಡಿಫ್3 ಬಿಟ್ಟು ಇದಕ್ಕೆ ಬರುವ ಕಾರಣವೂ ಸಿಗಲಿಲ್ಲ.

ಟರ್ಮಿನಲ್‌ನೊಳಗೇ ನಡೆಯುವ ವಿಮ್‌ಡಿಫ್ ನಾನು ಬಲ್ಲೆ, ಕೈ ಪಳಗಿದೆ, ಸರ್ವರ್‌ನಲ್ಲಿ ಬೇರೇನೂ ಇಲ್ಲದಾಗ ಅದೇ ಗತಿ. ಬಗೆಹರಿಯದೆ ಹೊರಬರಬೇಕಾದರೆ ‘:ಸಿಕ್ಯೂ’ ಒತ್ತಬೇಕು, ಆಗಷ್ಟೇ ಗಿಟ್‌ಗೆ ಸೋಲು ತಿಳಿಯುತ್ತದೆ. ಆದರೆ ನನ್ನ ಟರ್ಮಿನಲ್‌ನಲ್ಲಿ ‘ಅಚ್ಚು ಬೆಲ್ಲ’ದ ಒತ್ತುಗಳು ಒಂದರ ಮೇಲೊಂದು ಹತ್ತಿ ಕುಳಿತವು. ಓದಲಾಗದ ಭಾಷೆಯಲ್ಲಿ ಜಗಳ ಬಿಡಿಸುವುದು ಹೇಗೆ?

ಕನ್ನಡದ ಮಾತು ಬಂತಲ್ಲ, ಬಿಯಾಂಡ್ ಕಂಪೇರ್ ಗೆದ್ದದ್ದು ಅಲ್ಲಿ. ಪಟ್ಟಿಯ ಮೇಲೆ ಅಚ್ಚಾಗುವ ಪದಗಳ ಫೈಲೊಂದಿದೆ. ಅದರಲ್ಲಿ ‘ಹೋಬಳಿ’ ಎಂಬ ಸಾಲು ಪ್ರತಿ ಸಲವೂ ಜಗಳಕ್ಕೆ ಬರುತ್ತಿತ್ತು. ಎಡಕ್ಕೂ ಹೋಬಳಿ, ಬಲಕ್ಕೂ ಹೋಬಳಿ. ಕಣ್ಣು ಕಿರಿದು ಮಾಡಿ ನೋಡಿದರೂ ವ್ಯತ್ಯಾಸವಿಲ್ಲ. ಮೆಲ್ಡ್, ಕೆಡಿಫ್3 ಎರಡೂ ಬಣ್ಣ ಹಚ್ಚಿದವೇ ಹೊರತು ಏಕೆಂದು ಹೇಳಲಿಲ್ಲ. ಬಿಯಾಂಡ್ ಕಂಪೇರ್‌ನ ಎರಡು ಫೈಲುಗಳ ಹೋಲಿಕೆಯಲ್ಲಿ ಸಾಲಿನ ಬೈಟ್‌ಗಳನ್ನು ಬಿಡಿಸಿ ತೋರಿಸುವ ಹೆಕ್ಸ್ ವಿವರ ಕೆಳಗೆ ಬರುತ್ತದೆ. ನನ್ನ ‘ಹೋ’ದ ಓತ್ವ ಒಂದೇ ಸಂಕೇತ, ಮೂರು ಬೈಟ್. ಅವನದು ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಎಂದು ಮೂರು ತುಂಡು, ಒಂಬತ್ತು ಬೈಟ್. ಯೂನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ, ಫಾಂಟ್ ಎರಡನ್ನೂ ಒಂದೇ ರೀತಿ ಬಿಡಿಸುತ್ತದೆ, ಗಿಟ್ ಮಾತ್ರ ಬೈಟ್ ಬಿಟ್ಟು ಬೇರೆ ನಂಬುವುದಿಲ್ಲ. ಅವನು ಹಳೆಯ ಪರಿವರ್ತಕವೊಂದರಿಂದ ಪಠ್ಯ ತಂದಿದ್ದ. ಇಡೀ ಫೈಲನ್ನು ಒಮ್ಮೆ ಕೂಡಿದ ರೂಪಕ್ಕೆ ತಂದ ಮೇಲೆ ಹೋಬಳಿ ತಣ್ಣಗಾಯಿತು.

ಮರ್ಜ್‌ನಲ್ಲೂ ಬಿಯಾಂಡ್ ಕಂಪೇರ್ ಇವೆಲ್ಲಕ್ಕಿಂತ ನಯ. ಅಡ್ಡಿ ಹಣ: ಮೂರು ದಿಕ್ಕಿನ ಮರ್ಜ್ ಇರುವುದು ಪ್ರೊ ಆವೃತ್ತಿಯಲ್ಲಿ ಮಾತ್ರ, ಅದಕ್ಕೆ ಲೈಸೆನ್ಸ್ ಕೊಳ್ಳಬೇಕು. ಬೆಲ್ಲದ ವ್ಯಾಪಾರಿ ನಮಗೆ ಕೊಡುವುದರಲ್ಲಿ ಅದು ಹುಟ್ಟುವುದಿಲ್ಲ.

ಯಾವ ಟೂಲ್ ಹಾಕಿದರೂ ತಪ್ಪದ ಕೆಲವು ಕಿರಿಕಿರಿಗಳಿವೆ. ಗಿಟ್ ಪ್ರತಿ ಮರ್ಜ್ ಆದ ಮೇಲೆ ‘ಡಾಟ್ ಆರಿಜ್’ ಎಂಬ ಬಾಲದ ಹಳೆಯ ಪ್ರತಿಯನ್ನು ಬಿಟ್ಟು ಹೋಗುತ್ತದೆ. ಅಕ್ಕನ ಮಗ ಅಂಥ ಹದಿನಾಲ್ಕು ಫೈಲುಗಳನ್ನು ರೆಪೊಸಿಟರಿಗೇ, ಅಂದರೆ ಗಿಟ್ ಕಾಯುವ ಫೈಲುಗಳ ಉಗ್ರಾಣಕ್ಕೇ, ತುಂಬಿದ್ದ. ‘ಮರ್ಜ್‌ಟೂಲ್.ಕೀಪ್‌ಬ್ಯಾಕಪ್’ ಅನ್ನು ‘ಫಾಲ್ಸ್’ ಮಾಡಿದರೆ ಗಿಟ್‌ನ ಕಾಟ ನಿಲ್ಲುತ್ತದೆ. ವಿಂಡೋಸ್‌ಗೂ ಲಿನಕ್ಸ್‌ಗೂ ಸಾಲಿನ ಕೊನೆಯ ಗುರುತು ಬೇರೆಯಾದ್ದರಿಂದ ಒಮ್ಮೆ ಇಡೀ ಫೈಲೇ ಕೆಂಪಾಗಿತ್ತು. ‘ಗಿಟ್ಆಟ್ರಿಬ್ಯೂಟ್ಸ್’ ಫೈಲಿನಲ್ಲಿ ಒಂದು ಸಾಲು ಬರೆದು ಮುಗಿಸಿದೆವು. ಇನ್ನು, ರೀಬೇಸ್ ಮಾಡುವಾಗ, ಅಂದರೆ ನನ್ನ ತಿದ್ದುಪಡಿಗಳನ್ನು ಎದುರಿನವರ ತಿದ್ದುಪಡಿಗಳ ಮೇಲೆ ಮತ್ತೆ ಕೂರಿಸುವಾಗ, ಎಡಬಲ ಅದಲುಬದಲಾಗುತ್ತದೆ ಎಂಬುದನ್ನು ಮಾನಿಟರಿನ ಅಂಚಿಗೆ ಚೀಟಿ ಬರೆದು ಅಂಟಿಸಿದ್ದೇನೆ. ಆಗ ಲೋಕಲ್ ಎಂದರೆ ನಾನು ಹೋಗಿ ಕೂಡಿಕೊಳ್ಳುತ್ತಿರುವ ಎದುರಿನವರ ಬುಡ, ರಿಮೋಟ್ ಎಂದರೆ ನನ್ನದೇ ತಿದ್ದುಪಡಿ. ಚೀಟಿ ಇದ್ದೂ ಒಮ್ಮೆ ನನ್ನ ಕೆಲಸವನ್ನು ನಾನೇ ಒಗೆದಿದ್ದೇನೆ.

ಈಗ ನನ್ನ ಯಂತ್ರದಲ್ಲಿ ಮರ್ಜ್‌ಗೆ ಕೆಡಿಫ್3, ಸುಮ್ಮನೆ ಏನು ಬದಲಾಗಿದೆ ಎಂದು ನೋಡಲು ಮೆಲ್ಡ್. ಗಿಟ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇರುವುದರಿಂದ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಅಕ್ಕನ ಮಗನಿಗೂ ಕೆಡಿಫ್3 ಹಾಕಿಕೊಟ್ಟೆ. ಒಂದು ವಾರ ಬಳಸಿ, ಕಣ್ಣಿಗೆ ಹಿತವಿಲ್ಲ ಎಂದು ಬಿಯಾಂಡ್ ಕಂಪೇರ್‌ನ 30 ದಿನಗಳ ಉಚಿತ ಅವಧಿಗೆ ಹೋದ. ಆ ಕಂಪನಿ ಕ್ಯಾಲೆಂಡರಿನ ದಿನ ಎಣಿಸುವುದಿಲ್ಲ, ತೆರೆದ ದಿನಗಳನ್ನು ಮಾತ್ರ ಎಣಿಸುತ್ತದೆ. ನಮಗೆ ಜಗಳ ಬರುವುದು ವಾರಕ್ಕೊಮ್ಮೆ. ಮೊನ್ನೆ ಕೇಳಿದರೆ, “ಇನ್ನೂ ಹತ್ತೊಂಬತ್ತು ಉಳಿದಿವೆ ಮಾವ, ಕಬ್ಬು ಕಡಿಯುವ ಹೊತ್ತಿಗೆ ನೋಡೋಣ” ಎಂದ.