ಕ್ಯಾಮೆರಾ ಬ್ಯಾಗನ್ನು ಸೈಕಲ್ ಕ್ಯಾರಿಯರ್‌ಗೆ ಕಟ್ಟಬೇಡಿ

ನಾನು ಬೀಳಲಿಲ್ಲ. ಬ್ಯಾಗೂ ಬೀಳಲಿಲ್ಲ, ಮಳೆಯೂ ಬರಲಿಲ್ಲ. ಆದರೂ ದೂರದ್ದನ್ನು ಹತ್ತಿರ ತೋರಿಸುವ ನನ್ನ 70-200 ಲೆನ್ಸ್ ಎರಡೇ ದಿನದ ಸೈಕಲ್ ಪ್ರಯಾಣದಲ್ಲಿ ಕೆಟ್ಟುಹೋಯಿತು.

ಕೆರೆಯ ಹಕ್ಕಿಗಳ ಫೋಟೋ ತೆಗೆಯಲು ಹೊರಟಿದ್ದೆ. ಬೆನ್ನಿಗೆ ಭಾರ ಬೇಡ ಅಂತ ಕ್ಯಾಮೆರಾವನ್ನು ಲೆನ್ಸ್ ಸಮೇತ ಬ್ಯಾಗಿನಲ್ಲಿಟ್ಟು, ಹಿಂದಿನ ಕ್ಯಾರಿಯರ್‌ಗೆ ಬಿಗಿಯಾಗಿ ಕಟ್ಟಿದೆ. ಬ್ಯಾಗಿನೊಳಗೆ ದಪ್ಪ ಸ್ಪಂಜು ಇತ್ತು, ಅಷ್ಟು ಸಾಕು ಅಂದುಕೊಂಡೆ. ಇನ್ನೊಂದು ಚಿಕ್ಕ ಲೆನ್ಸ್ ಸೊಂಟದ ಚೀಲದಲ್ಲಿತ್ತು. ದಾರಿಯಲ್ಲಿ ಅರ್ಧಕ್ಕರ್ಧ ಜಲ್ಲಿ.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ ಎದೆ ಧಸಕ್ಕೆಂದಿತು. ಮೊದಲ ದಿನ ಬೆಳಗಿನ ಫೋಟೋಗಳು ಸರಿಯಾಗಿದ್ದವು. ಸಂಜೆಯವುಗಳಲ್ಲಿ ಎಡಗಡೆ ಮಸುಕು. ಎರಡನೇ ದಿನದವು ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ.

ರಿಪೇರಿಯವರು ಲೆನ್ಸ್ ಬಿಚ್ಚಿ ತೋರಿಸಿದರು. ಒಳಗಿನ ಎರಡು ಸಣ್ಣ ಸ್ಕ್ರೂ ಕಳಚಿಕೊಂಡಿದ್ದವು. ಅವು ಹಿಡಿದಿಟ್ಟಿದ್ದ ಗಾಜು ಕೂದಲೆಳೆಯಷ್ಟು ವಾಲಿತ್ತು. ಒಂದು ಬದಿ ಫೋಕಸ್ ತಪ್ಪಲು ಅಷ್ಟೇ ಸಾಕು. ಅದೇ ದಾರಿಯಲ್ಲಿ ಸೊಂಟದಲ್ಲಿ ಬಂದ ಚಿಕ್ಕ ಲೆನ್ಸ್‌ಗೆ ಏನೂ ಆಗಿರಲಿಲ್ಲ.

ಯಾಕೆ ಹೀಗೆ? ಗುಂಡಿ ಕಂಡ ಕೂಡಲೇ ನಾವು ಸೀಟಿನಿಂದ ಸ್ವಲ್ಪ ಎದ್ದು, ಮೊಣಕಾಲು ಮಡಚಿ ಪೆಟ್ಟು ತಪ್ಪಿಸಿಕೊಳ್ಳುತ್ತೇವೆ. ಕ್ಯಾರಿಯರ್ ಮೇಲಿನ ಸಾಮಾನಿಗೆ ಅದು ಸಾಧ್ಯವಿಲ್ಲ ಅಲ್ವಾ? ಚಕ್ರಕ್ಕೆ ತಾಗಿದ ಒಂದೊಂದು ಕಲ್ಲಿನ ಪೆಟ್ಟೂ ನೇರ ಅದಕ್ಕೇ ಹೋಗುತ್ತದೆ. ಟೈರಿನಲ್ಲಿ ಗಾಳಿ ಗಟ್ಟಿಯಾಗಿದ್ದರೆ ಇನ್ನೂ ಜಾಸ್ತಿ. ಕೈ ಜಾರಿ ಬಿದ್ದರೆ ಸ್ಪಂಜು ಕಾಪಾಡಬಹುದು. ಗಂಟೆಗಟ್ಟಲೆ ನಡುಗುವುದನ್ನು ಅದು ತಡೆಯುವುದಿಲ್ಲ. ಲೆನ್ಸ್ ಹಾಕಿಯೇ ಇಟ್ಟರೆ ಅದರ ಭಾರವೆಲ್ಲ ಮೌಂಟನ್ನು, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗವನ್ನು, ಜಗ್ಗುತ್ತಿರುತ್ತದೆ.

ಫೋನನ್ನೂ ಹ್ಯಾಂಡಲ್‌ಗೆ ಸಿಕ್ಕಿಸುವ ಮೊದಲು ಯೋಚಿಸಿ. ಬೈಕಿನ ಹ್ಯಾಂಡಲ್‌ಗೆ ಹಾಕಿದ ಐಫೋನಿನ ಕ್ಯಾಮೆರಾ ಇಂಜಿನ್ನಿನ ನಡುಕಕ್ಕೆ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಸೈಕಲ್ಲಿಗೆ ಇಂಜಿನ್ ಇಲ್ಲ, ನಿಜ. ಆದರೆ ಜಲ್ಲಿ ರಸ್ತೆ ನಾನು ನೋಡಿದ್ದೇನೆ.

ಈಗ ಕ್ಯಾಮೆರಾವನ್ನು ನಾನು ಬೆನ್ನಿಗೇ ಹಾಕಿಕೊಳ್ಳುತ್ತೇನೆ. ಎದೆಗೂ ಸೊಂಟಕ್ಕೂ ಪಟ್ಟಿ ಇರುವ ಬ್ಯಾಗು. ಒಂದೇ ಹೆಗಲಿನ ಬ್ಯಾಗು ಬೇಡ, ತಿರುವಿನಲ್ಲಿ ಮುಂದಕ್ಕೆ ಜಾರಿ ಮೊಣಕಾಲಿಗೆ ತಾಗುತ್ತದೆ. ಲೆನ್ಸ್ ಬಿಚ್ಚಿ ಬೇರೆ ಇಡುತ್ತೇನೆ. ಬೆನ್ನಿನ ಬೆವರು ಒಳಗೆ ಇಳಿಯದಂತೆ ನೀರು ಹೋಗದ ಚೀಲದಲ್ಲಿ ಸುತ್ತುತ್ತೇನೆ. ಟ್ರೈಪಾಡ್ ಮಾತ್ರ ಬೆನ್ನಿಗೆ ಬೇಡವೇ ಬೇಡ. ಬಿದ್ದರೆ ಬೆನ್ನುಮೂಳೆಗೇ ಒತ್ತುತ್ತದೆ. ಕ್ಯಾರಿಯರ್ ಇರುವುದು ಅದಕ್ಕೇ.

ಈಗಾಗಲೇ ಕ್ಯಾರಿಯರ್ ಮೇಲೆ ಒಯ್ದಿದ್ದೀರಾ? ಹಾಗಾದರೆ ಇವತ್ತೇ ಗೋಡೆಗೆ ಪತ್ರಿಕೆಯ ಹಾಳೆ ಅಂಟಿಸಿ. ಕ್ಯಾಮೆರಾ ನೇರವಾಗಿಟ್ಟು, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆದು ಒಂದು ಫೋಟೋ ತೆಗೆಯಿರಿ. ನಾಲ್ಕೂ ಮೂಲೆಯ ಅಕ್ಷರಗಳನ್ನು ದೊಡ್ಡದು ಮಾಡಿ, ಒಂದು ಬದಿ ಮಾತ್ರ ಮಸುಕಾಗಿದೆಯೇ ನೋಡಿ. ಪ್ರಯಾಣದಲ್ಲಿದ್ದರೆ ದಿನಾ ಸಂಜೆ ಫೋಟೋಗಳ ಎರಡೂ ಅಂಚನ್ನು ಹಿಗ್ಗಿಸಿ ನೋಡಿ. ಮೊದಲ ದಿನ ಸಂಜೆ ನಾನು ಅಷ್ಟು ಮಾಡಿದ್ದರೆ, ಚಿಕ್ಕ ಲೆನ್ಸಿನಲ್ಲಿ ಕೆರೆಯ ಫೋಟೋಗಳಾದರೂ ಸಿಗುತ್ತಿದ್ದವು.